ದೊಡ್ಡ ಬೂರಗಕ್ಕೆ ಮತ್ತೆ ಮುಳ್ಳು ಬಂದದ್ದು

ತೋಳನಗುಡ್ಡದ ಗಾಳಿಯಿಂದಲೇ ಶುರು ಮಾಡ್ತೀನಿ. ಅದನ್ನ ನಂಬಿದವರು ಮುಂದಿನದನ್ನೂ ನಂಬ್ತಾರೆ. ಗದಗ ದಾಟಿ ಮುಂಡರಗಿ ಕಡೆ ಹೋಗೋವಾಗ ಎಡಕ್ಕೆ ಬರುತ್ತೆ ಆ ಗುಡ್ಡ. ಅಲ್ಲಿ ಗಾಳಿ ಎಷ್ಟು ಜೋರು ಅಂದ್ರೆ, ದ್ಯಾಮವ್ವನ ಖಾನಾವಳೀಲಿ ಖಡಕ್ ರೊಟ್ಟಿ ಯಾರೂ ತಟ್ಟೆಗೆ ಬಡಿಸಲ್ಲ. ಗಾಳಿ ಬರೋ ದಿಕ್ಕಿಗೆ ಮುಖ ಮಾಡಿ ಬಾಯಿ ತೆಗೆದು ಕೂತ್ಕೋಬೇಕು, ರೊಟ್ಟಿ ತಾನೇ ಬರುತ್ತೆ. ನಾನು ಮಂಡ್ಯ ಕಡೆಯವನು, ಮುದ್ದೆ ತಿಂದು ಬೆಳೆದೋನು. ಮುದ್ದೆ ಹಾರಲ್ಲ. ಹಾಗಾಗಿ ಹೊಂದ್ಕೊಳ್ಳೋಕೆ ಸ್ವಲ್ಪ ಸಮಯ ಹಿಡೀತು.

ಗುಡ್ಡದ ಬುಡದಲ್ಲಿ ಅರಣ್ಯ ಯುವ ತರಬೇತಿ ಕೇಂದ್ರ ಅಂತ ಒಂದಿತ್ತು. ಅದರ ಕಂಟ್ರೋಲ್ ರೂಮು ನೋಡ್ಕೊಳ್ಳೋದು ನನ್ನ ಕೆಲಸ. ರೂಮಲ್ಲಿ ಒಂದು ಕುರ್ಚಿ, ನಾಲ್ಕು ಪರದೆ, ಮತ್ತೆ ಬೇರುವಾಣಿ.

ಬೇರುವಾಣಿ ಅಂದ್ರೇನು ಅಂತ ಹೇಳ್ಬಿಡ್ತೀನಿ. ಯಾವಾಗ ಚಿಗುರಬೇಕು, ಯಾವಾಗ ಎಲೆ ಉದುರಿಸಬೇಕು, ಯಾವಾಗ ಹೂ ಬಿಡಬೇಕು ಅನ್ನೋದನ್ನ ಮರ ತನ್ನೊಳಗಿನ ರಸಗಳ ಹದ ನೋಡ್ಕೊಂಡು ತೀರ್ಮಾನ ಮಾಡುತ್ತೆ. ಮಳೆ ಹೇಳಿದ ಕಾಲಕ್ಕೆ ಬರ್ತಿದ್ದಾಗ ಅದು ಸರಿಹೋಗ್ತಿತ್ತು. ಮಳೇನೇ ದಾರಿ ತಪ್ಪಿದ ಮೇಲೆ ಮರಗಳಿಗೂ ತಲೆ ಕೆಡ್ತು. ಬೇಸಿಗೆ ಬಾಗಿಲಿಗೆ ಬಂದು ನಿಂತಿರುತ್ತೆ, ಇವು ಹೊಸ ಎಲೆ ತೊಟ್ಕೊಂಡು ಕೂತಿರ್ತವೆ. ಅದಕ್ಕೆ ವಿಜ್ಞಾನಿಗಳು ಒಂದೊಂದು ಬೇರಿನ ಹತ್ರ ಸಣ್ಣ ಸಣ್ಣ ಡಬ್ಬಿ ಹೂತಿದ್ರು, ಒಂದೊಂದು ಡಬ್ಬೀಲಿ ಒಂದೊಂದು ರಸ. ಗುಡ್ಡದಲ್ಲಿ ಓಡಾಡೋರು ಕೈಯಲ್ಲಿ ಹಿಡಿದ ಪೆಟ್ಟಿಗೆಗೆ ಕನ್ನಡದಲ್ಲಿ ಹೇಳಿದ್ರೆ ಸಾಕು. ಬೇರುವಾಣಿ ಅರ್ಥ ಮಾಡ್ಕೊಂಡು ಬೇಕಾದ ಡಬ್ಬಿಯ ಬಾಯಿ ತೆಗೀತಿತ್ತು. ಬೆಂಕಿ ಬರೋ ಹಾಗಿದೆ, ಈ ಸಾಲು ಮುಂಚೆನೇ ಎಲೆ ಉದುರಿಸಲಿ, ನಾವು ಗುಡಿಸಿ ಹಾಕ್ತೀವಿ ಅಂದ್ರೆ ಉದುರಿಸ್ತಿತ್ತು. ಸರ್ಕಾರಿ ಭೂಮೀಲಿ ನಿಂತ್ಕೊಂಡು ಹೇಳಿದ ಮಾತು ಒಂದೇ ಸಲಕ್ಕೆ ಕೇಳಿದ್ದು ನನ್ನ ಜೀವನದಲ್ಲಿ ಆ ಮರಗಳು ಮಾತ್ರ.

ಇದರಿಂದ ಹೊಸದೊಂದು ನೌಕರಿ ಹುಟ್ಟಿತು. ಅಲ್ಲಿ ತನಕ ಗುಡ್ಡದ ಸುತ್ತಲಿನ ಹುಡುಗ ಹುಡುಗೀರಿಗೆ ಕಾಡಿನಿಂದ ಸಿಗ್ತಿದ್ದ ಕೆಲಸ ಅಂದ್ರೆ ಗುಂಡಿ ತೋಡೋದು, ಇಲ್ಲಾಂದ್ರೆ ಬೇಸಿಗೇಲಿ ಬೆಂಕಿ ಕಾಯೋದು. ಎರಡೂ ಮಳೆ ಬಂದ ತಕ್ಷಣ ಮುಗಿದುಹೋಗೋವು. ಈಗ ಮಣ್ಣು, ಬೀಜ, ಬೆಂಕಿ, ಪ್ರಾಣಿಗಳ ಹೆಜ್ಜೆ, ಕೊನೇಲಿ ಮರದ ಜೊತೆ ಮಾತು, ಇಷ್ಟು ಕಲಿತು ಪಾಸಾದ್ರೆ ಕಾಯಂ ನೌಕರಿ. ಊರಲ್ಲಿ ಈ ನೌಕರಿಗೆ ‘ಗಿಡದ ಮಾಸ್ತರಿಕೆ’ ಅಂತ ಹೆಸರು ಬಿತ್ತು. ತೋಳನಗುಡ್ಡಕ್ಕೆ ಅಂತ ಇದ್ದ ಜಾಗ ಒಂದೇ. ಅದರ ಮೇಲೆ ಕಣ್ಣಿಟ್ಟಿದ್ದೋಳು ಫಕೀರವ್ವ, ಖಾನಾವಳಿ ದ್ಯಾಮವ್ವನ ಮಗಳು.

ಫಕೀರವ್ವ ಮಾತು ಕಮ್ಮಿ, ನೋಟ ಜಾಸ್ತಿ. ತೋಳ ನಡೆದ ದಾರಿಯಲ್ಲಿ ತಾನೂ ನಡೆದು, ಅದು ಯಾಕೆ ಅಲ್ಲಿ ತಿರುಗ್ತು ಅಂತ ಅರ್ಧ ದಿನ ಯೋಚನೆ ಮಾಡೋಳು. ಈ ಗುಡ್ಡ ಬಿಟ್ಟು ಬೇರೆ ಕಡೆ ಹಾಕಿದ್ರೆ ಹೋಗ್ತೀಯಾ ಅಂತ ಒಂದ್ಸಲ ಕೇಳಿದ್ದೆ. ಬೇರೆ ಗುಡ್ಡದಾಗ ನಾನು ಮೊದಲಿಂದ ಸಣ್ಣಾಕಿ ಆಗಬೇಕಾಗತೈತ್ರಿ ಅಂದಿದ್ಲು. ಆಗ ಅದು ನನಗೆ ಒಂದು ಮಾತಷ್ಟೇ ಅನ್ನಿಸ್ತು.

ಪರೀಕ್ಷೆ ದಿನ ಅವಳನ್ನ ನಿಲ್ಲಿಸಿದ್ದು ದೊಡ್ಡ ಬೂರಗದ ಕೆಳಗೆ. ಕೇಂದ್ರದ ಗೇಟಿನ ಪಕ್ಕದಲ್ಲೇ ಇತ್ತು ಅದು. ಬುಡದ ಸುತ್ತ ಒಂದು ಸುತ್ತು ಹಾಕೋಕೆ ಹೊರಟ ಆಡು ವಾಪಸ್ ಬರೋವಾಗ ಮರಿ ಜೊತೆ ಬಂತು ಅಂತಾರೆ. ನಾನು ನೋಡಿಲ್ಲ, ಮರಿ ಮಾತ್ರ ನೋಡಿದೀನಿ. ಬೂರಗ ಎಳೇದಿದ್ದಾಗ ಮೈತುಂಬ ಮುಳ್ಳು ಇರುತ್ತೆ, ದನಕರು ಮುಟ್ಟದಿರಲಿ ಅಂತ. ವಯಸ್ಸಾದ ಹಾಗೆ ಮುಳ್ಳು ಉದುರಿ ಮೈ ನುಣ್ಣಗಾಗುತ್ತೆ. ಚಳಿಗಾಲಕ್ಕೆ ಎಲೆಯೆಲ್ಲ ಕಳಚಿ, ಬೋಳು ಕೊಂಬೆ ತುಂಬ ಕೆಂಪು ಹೂ. ಹೂವಿನ ಬಟ್ಟಲಲ್ಲಿ ಜೇನು ಕುಡಿಯೋಕೆ ಗೊರವಂಕಗಳ ಸಂತೆ. ಆಮೇಲೆ ಕಾಯಿ ಒಡೆದು ಹತ್ತಿ. ಊರಿನ ತಲೆದಿಂಬೆಲ್ಲ ಆ ಒಂದು ಮರದ ಹತ್ತಿಯವು. ಊರಿಗೂರೇ ಒಂದೇ ಮರದ ಮೇಲೆ ತಲೆ ಇಟ್ಟು ಮಲಗ್ತಿತ್ತು ಅಂತ ಇಟ್ಕೊಳ್ಳಿ.

ಫಕೀರವ್ವ ಪೆಟ್ಟಿಗೆ ಬಾಯಿ ಹತ್ರ ಹಿಡಿದು, ದೊಡ್ಡ ಬೂರಗದ ಗಿಡಕ್ಕ ವಯಸ್ಸಿಗೆ ತಕ್ಕಂಗ ರಸ ಕೊಡು ಅಂದ್ಲು. ವಾರ್ತೆ ಓದೋರ ದನೀಲಿ ಬೇರುವಾಣಿ, ಗಿಡಕ್ಕೆ ವಯಸ್ಸಿಗೆ ತಕ್ಕಂತೆ ರಸ ನೀಡಲಾಗಿದೆ, ಧನ್ಯವಾದಗಳು ಅಂತು.

ಎಡವಟ್ಟಾಗಿದ್ದು ಅಲ್ಲೇ. ಯಂತ್ರಕ್ಕೆ ಕನ್ನಡ ಕಲಿಸಿದ್ದು ಬೆಂಗಳೂರಲ್ಲಿ. ನಮ್ಮ ಕಡೆ ದೊಡ್ಡದು ಮರ, ಚಿಕ್ಕದು ಗಿಡ. ಫಕೀರವ್ವನ ಕಡೆ ಆನೆ ಗಾತ್ರದ ಬೇವಿಗೂ ಗಿಡ ಅಂತಲೇ ಅಂತಾರೆ. ಅಲ್ಲಿ ತನಕ ಇದು ಯಾರಿಗೂ ಗೊತ್ತಾಗಿರಲಿಲ್ಲ, ಯಾಕಂದ್ರೆ ಇವರೆಲ್ಲ ಅಭ್ಯಾಸ ಮಾಡಿದ್ದು ನರ್ಸರಿ ಸಸಿಗಳ ಜೊತೆ, ಸಸಿಗೆ ಎರಡೂ ಕಡೆ ಸಸಿ. ಬೇರುವಾಣಿ ದೊಡ್ಡ ಬೂರಗವನ್ನ ಎಳೆ ಗಿಡ ಅಂತ ಬರ್ಕೊಂಡು, ಎಳೆಯವಕ್ಕೆ ಕೊಡೋ ರಸ ಕೊಡ್ತು. ಅಷ್ಟೇ ಅಲ್ಲ, ಅರ್ಧ ಗಂಟೇಲಿ ಡ್ರೋನು ಬಂದು ಆಸರೆಗೆ ಒಂದು ಬಿದಿರು ಕೋಲು, ಬಿಸಿಲು ತಾಗದಿರಲಿ ಅಂತ ಒಂದು ಟೋಪಿಯಷ್ಟು ಹಸಿರು ಬಲೆ ಇಳಿಸಿ ಹೋಯ್ತು. ಕೋಲನ್ನ ಮರಕ್ಕೆ ಕಟ್ಟಿದ್ವಿ. ಇವತ್ತಿಗೂ ಆ ಕೋಲು ನೆಟ್ಟಗೆ ನಿಂತಿದೆ, ಮರದ ಆಸರೆ ಇದೆಯಲ್ಲ.

ಆಮೇಲೆ ದೊಡ್ಡ ಬೂರಗ ಚಿಕ್ಕದಾಗೋಕೆ ಶುರುವಾಯ್ತು. ಗಾತ್ರದಲ್ಲಲ್ಲ, ಬುದ್ಧೀಲಿ. ಎಲೆ ಉದುರಿಸಬೇಕಾದ ಕಾಲದಲ್ಲಿ ತಿಳಿ ಹಸಿರು ಚಿಗುರು ಹೊಮ್ಮಿಸ್ತು. ನುಣ್ಣಗಿದ್ದ ಮೈಮೇಲೆ ಮೊಡವೆ ಥರ ಸಣ್ಣ ಸಣ್ಣ ಗುಳ್ಳೆ ಎದ್ದು, ಮುಳ್ಳಾಗಿ ಬಲಿತ್ವು. ತಲೆತಲಾಂತರದಿಂದ ಅಲ್ಲಿ ಮಲಗ್ತಿದ್ದ ಮುಸಿಯ ಕೋತಿಗಳು ಒಂದು ಸಂಜೆ ಹತ್ತೋಕೆ ಹೋಗಿ, ಕೈ ನೋಡ್ಕೊಂಡು, ಒಂದು ಮಾತೂ ಆಡದೆ ಇಳಿದುಹೋದ್ವು. ಗೊರವಂಕಗಳು ಪದ್ಧತಿ ಪ್ರಕಾರ ಬಂದು, ಹೂ ಕಾಣದೆ, ಪಕ್ಕದ ಕರೆಂಟ್ ತಂತಿ ಮೇಲೆ ಬಸ್ ತಪ್ಪಿಸಿಕೊಂಡವರ ಹಾಗೆ ಸಾಲಾಗಿ ಕೂತ್ವು. ಬೆಳಿಗ್ಗೆ ಸೂರ್ಯ ಹುಟ್ಟೋ ಕಡೆಗೆ ಇಡೀ ಮರ ಕತ್ತು ಚಾಚ್ತಿತ್ತು. ಸಂಜೆ ಸೂರ್ಯ ಮುಳುಗಿದ್ರೆ ಮುನಿಸ್ಕೊಂಡು ಎಲೆ ಜೋಲು ಹಾಕ್ತಿತ್ತು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮಂದಾಕಿನಿ ಮೇಡಂ. ಕುಂದಾಪುರದವರು, ಮಾತಾಡಿದ್ರೆ ಪುಸ್ತಕ ಓದಿದ ಹಾಗೆ. ಅವರು ನಗಲಿಲ್ಲ. ಬೇರು ಮುದುಕಂದು, ಚಿಗುರು ಮಗೂದು ಅಂತ ನನಗೆ ಬಿಡಿಸಿ ಹೇಳಿದ್ರು. ಬಿಸಿಲು ಏರಿದ ಮೇಲೆ ಅಷ್ಟೂ ಚಿಗುರು ನೀರು ಕೇಳುತ್ತೆ, ಆ ಹಳೇ ಬೇರಿಗೆ ಅಷ್ಟು ಎಳೆಯೋಕೆ ಆಗಲ್ಲ, ಯುಗಾದಿ ಹೊತ್ತಿಗೆ ಮರ ಹೋಗಿಬಿಡುತ್ತೆ. ಹಾಗಾದ್ರೆ ನೀವೇ ಹೇಳಿ ಸರಿ ಮಾಡಿ ಅಂದೆ. ಹೇಳಿ ನೋಡಿದ್ರು. ಎಳೆ ಗಿಡಕ್ಕೆ ಮುದಿ ರಸ ಕೊಡುವಂತಿಲ್ಲ, ಯಾರ ದನಿಯಲ್ಲಿ ದಾಖಲಾಗಿದೆಯೋ ಅವರ ದನಿಯಲ್ಲೇ ತಿದ್ದುಪಡಿ ಆಗಬೇಕು ಅಂತು ಬೇರುವಾಣಿ. ಯಂತ್ರ ಆದ್ರೇನು, ಇಲಾಖೆಯ ಯಂತ್ರ ತಾನೇ.

ಫಕೀರವ್ವನ್ನ ಕರೆಸಿದ್ರು. ಇನ್ನೊಂದು ಅವಕಾಶ ಕೊಡ್ತೀನಿ, ಅದೇ ಮರದ ಕೆಳಗೆ ನಿಂತು, ಇದು ಗಿಡ ಅಲ್ಲ, ಮರ ಅಂತ ಅದಕ್ಕೆ ಅರ್ಥ ಆಗೋ ಹಾಗೆ ಹೇಳು, ಮರ ಉಳಿದ್ರೆ ನೌಕರಿ ನಿಂದು, ಇಲ್ಲಾಂದ್ರೆ ಬೇರೆಯವರಿಗೆ ಅಂದ್ರು. ಅವಳು ಕೇಳಿದ್ದು ಒಂದೇ. ನಾವು ಗಿಡ ಅಂದ್ರ ದೊಡ್ಡದು ಅಂತ ಅದಕ್ಕ ಕಲಿಸಿಬಿಟ್ರ ಆಗಂಗಿಲ್ಲೇನ್ರಿ? ಮೇಡಂ ಅದಕ್ಕೆ ತಾಳ್ಮೆಯಿಂದ ಉತ್ತರ ಕೊಟ್ರು. ಇಡೀ ರಾಜ್ಯಕ್ಕೆ ಒಂದೇ ಬೇರುವಾಣಿ. ಇಲ್ಲಿಗೆ ಅಂತ ಬದಲಾಯಿಸಿದ್ರೆ ಚಾಮರಾಜನಗರದಲ್ಲಿ ಯಾರೋ ನಿಜವಾದ ಎಳೆ ಗಿಡದ ಮುಂದೆ ಗಿಡ ಅಂತಾರೆ, ಅದಕ್ಕೆ ಮುದಿ ರಸ ಬಿದ್ದು ಸಾಯುತ್ತೆ. ಫಕೀರವ್ವನ ಜೊತೆ ಕಲಿತ ಹಜರೇಸಾಬ ಅನ್ನೋ ಹುಡುಗ ಜಾಣ. ತನ್ನ ಪರೀಕ್ಷೇಲಿ ‘ಟ್ರೀ’ ಅಂದು ಪಾಸಾಗಿ ಹೊಸಪೇಟೆ ಕಡೆ ನೌಕರಿಗೆ ಹೋಗ್ಬಿಟ್ಟ. ಮೇಡಂ ಅವತ್ತೇ ಇಂಗ್ಲಿಷ್ ಬಂದ್ ಮಾಡಿಸಿದ್ರು.

ಯಂತ್ರಕ್ಕೆ ದನಿ ಒಗ್ಗಲಿ ಅಂತ ಒಂದು ಪೆಟ್ಟಿಗೇನ ಫಕೀರವ್ವನ ಕೈಲಿ ಮನೆಗೇ ಕಳಿಸಿದ್ರು. ಕೇಳಿದ ಮಾತಿಂದ ಕಲಿಯೋದು ಅದರ ಗುಣ.

ಇನ್ನು ಖಾನಾವಳಿಗೆ ಬರ್ತೀನಿ. ಮಧ್ಯಾಹ್ನ ನಾನು ಊಟಕ್ಕೆ ಹೋದ್ರೆ ಫಕೀರವ್ವ ಒಲೆ ಹತ್ರ ಕೂತು ಪೆಟ್ಟಿಗೆ ಮುಂದೆ, ಮರ, ಮರ, ಇದು ಮರ ಅಂತ ಹೇಳ್ಕೋತಿದ್ಲು. ದ್ಯಾಮವ್ವ ಒಳಗಿಂದ ಬಂದು ಅವಳ ತೊಡೆ ಮೇಲೆ ಒಂದು ಮೊರ ಇಟ್ಟು ಹೋದ್ಲು. ನನಗೆ ಅರ್ಥ ಆಗಲಿಲ್ಲ. ಕಾಳು ಕೇರೋ ಮೊರಕ್ಕೆ ಆ ಕಡೆ ಮರ ಅಂತಾರೆ ಅಂತ ಆಮೇಲೆ ಗೊತ್ತಾಯ್ತು. ತಾಯಿಗೆ ಮಗಳು ಮೊರ ಕೇಳಿದ ಹಾಗಿತ್ತು. ಎರಡನೇ ಸಲ, ಮೂರನೇ ಸಲ ಹೀಗೇ ಆದ ಮೇಲೆ ದ್ಯಾಮವ್ವನಿಗೆ ರೇಗಿತು.

“ಮರದಾಗ ಜ್ವಾಳ ಹಸನ ಮಾಡೂದು ಬಿಟ್ಟು ಮರ ಮರ ಅಂತ ಕುಂತರ, ಜ್ವಾಳ ತಾನ ಹಸನ ಆಗತೈತೇನ?”

ಪೆಟ್ಟಿಗೆ ಕೇಳಿಸ್ಕೋತಿತ್ತು. ದ್ಯಾಮವ್ವ ಅದಕ್ಕೆ ವಾಣಕ್ಕ ಅಂತ ಹೆಸರಿಟ್ಟಿದ್ಲು. ಮನೆಗೆ ಬಂದ ಹೆಣ್ಣುಮಗಳನ್ನ ಸುಮ್ಮನೆ ಕೂರಿಸೋದು ಹೇಗೆ ಅಂತ, ರೊಟ್ಟಿ ಬಡೀತಾ ಅದರ ಜೊತೆ ಮಾತಾಡೋಳು. ಉಂಡಿ ಏನವಾ, ನಿಮ್ಮ ಕಡೆ ಮಳಿ ಹೆಂಗ, ಮೇಡಮ್ಮಾರು ಸಂಬಳಾ ಸರಿ ಕೊಡತಾರೇನು ಅಂತ. ವಾಣಕ್ಕ ಏನೂ ಅಂತಿರಲಿಲ್ಲ. ದ್ಯಾಮವ್ವನಿಗೆ ಅದೇ ಹಿಡಿಸಿತ್ತು.

ಒಂದು ದಿನ ಫಕೀರವ್ವ ನನ್ನ ಎದುರಿಗೆ ಬಂದು ಕೂತ್ಲು. ಪೆಟ್ಟಿಗೆ ಬಾಯಿ ಮುಚ್ಚಿ ಪಕ್ಕಕ್ಕಿಟ್ಲು.

“ಸರ, ಸಣ್ಣಾಕಿ ಇದ್ದಾಗಿಂದ ಅದನ್ನ ಗಿಡ ಅಂತ ಕರದೀನಿ. ಈಗ ಅದರ ಎದುರಿಗೆ ನಿಂತು ಮರ ಅಂದ್ರ, ನಮ್ಮಜ್ಜಗ ಹೆಸರು ಹಿಡದು ಕರದಂಗ ಆಗತೈತಿ.”

ನೌಕರಿ ಬೇಕಲ್ಲವಾ ಅಂದೆ. ಬೇಕು ಅಂದ್ಲು. ಮರ ಉಳೀಬೇಕಲ್ಲವಾ ಅಂದೆ. ಅದು ಮೊದಲು ಬೇಕು ಅಂದ್ಲು. ಹಾಗಾದ್ರೆ ಅನ್ನಲೇಬೇಕು ಅಂದೆ. ಅವಳು ಎದ್ದು ಪೆಟ್ಟಿಗೆ ಬಾಯಿ ತೆರೆದು ಮತ್ತೆ ಮರ, ಮರ ಅಂತ ಶುರು ಮಾಡಿದ್ಲು. ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಚಟ್ನಿ ಖಾರ ಇತ್ತು, ಅದೂ ಒಂದು ಕಾರಣ.

ಅಷ್ಟರಲ್ಲಿ ಕಂಟ್ರೋಲ್ ರೂಮಲ್ಲಿ ಸಣ್ಣ ಸಣ್ಣ ಬದಲಾವಣೆ ಕಾಣಿಸ್ತಾ ಬಂತು. ಮೊದಲೆಲ್ಲ ಬೇರುವಾಣಿ, ಉತ್ತರ ಇಳಿಜಾರಿನಲ್ಲಿ ಉಷ್ಣಾಂಶ ಹೆಚ್ಚಿದೆ ಅಂತಿತ್ತು. ಒಂದು ದಿನ, ಬಿಸಲು ಭಾಳ ಐತಿ, ತಲಿಗೆ ಏನರ ಕಟ್ಕೋರಿ ಅಂತು. ಇನ್ನೊಂದು ದಿನ ಮಧ್ಯಾಹ್ನ ನಾಲ್ಕೂ ಪರದೆ ಮಿಣುಕಿ, ಉಂಡ್ರೀ? ಅಂತು. ಇಲ್ಲ ಅಂದೆ. ಮೊದಲ ಉಂಡ ಬರ್ರಿ, ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ ಅಂತು. ನನಗೆ ಅದರಲ್ಲಿ ತೊಂದರೆ ಕಾಣಿಸಲಿಲ್ಲ. ಊಟ ಆಯ್ತಾ ಅಂತ ಕೇಳೋರು ಆ ರೂಮಲ್ಲಿ ಬೇರೆ ಯಾರಿದ್ರು?

ಎರಡನೇ ಪರೀಕ್ಷೆ ದಿನ ಊರೇ ಬಂದು ನಿಂತಿತ್ತು, ತಲೆದಿಂಬಿನ ವಿಷಯ ಅಲ್ಲವಾ. ಮರದ ಹೊಸ ಎಲೆಗಳ ಅಂಚು ಆಗಲೇ ಒಣಗೋಕೆ ಶುರುವಾಗಿತ್ತು. ಮೇಡಂ ಗೇಟಿನ ಹತ್ರ ನಿಂತಿದ್ರು. ನಾನು ರೂಮಲ್ಲಿ ಪರದೆ ಮುಂದೆ ಕೂತಿದ್ದೆ. ಏನಾದ್ರೂ ತಪ್ಪಿದ್ರೆ ಯಂತ್ರ ನಿಲ್ಲಿಸೋ ಕೆಂಪು ಗುಂಡಿ ನನ್ನ ಕೈ ಕೆಳಗಿತ್ತು.

ಫಕೀರವ್ವ ಖಾಕಿ ಹಾಕ್ಕೊಂಡು ಬಂದ್ಲು. ಮರದ ಮುಖ ನೋಡಲಿಲ್ಲ. ಪೆಟ್ಟಿಗೆ ಎತ್ತಿ, ನಮ್ಮ ಮಂಡ್ಯದ ಮೇಷ್ಟ್ರೂ ತಲೆದೂಗೋ ಹಾಗೆ, ಒಂದಕ್ಷರ ಜಾರದ ಹಾಗೆ ಹೇಳಿದ್ಲು.

“ಇದು ಗಿಡವಲ್ಲ. ಇದು ಮರ.”

ನಾಲ್ಕೂ ಪರದೆ ಮಿಣುಕಿದ್ವು. ಬೇರುವಾಣಿ ಧ್ವನಿವರ್ಧಕದಲ್ಲಿ, ದ್ಯಾಮವ್ವನ ರಾಗದಲ್ಲೇ ಕೇಳ್ತು.

“ಮರ ತಗೊಂಡೀನಿ. ಏನ ಹಸನ ಮಾಡೂದೈತಿ?”

ಯಾರೂ ನಗಲಿಲ್ಲ. ಈ ಕಡೆಯವಳು ಆ ಕಡೆ ಮಾತು ಕಲಿತು ಬರೋ ಹೊತ್ತಿಗೆ, ಆ ಕಡೆಯದು ಈ ಕಡೆ ಮಾತು ಕಲಿತು ಕೂತಿತ್ತು. ದಾರೀಲಿ ಎಲ್ಲೋ ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಹೋಗಿದ್ರು. ಮೇಡಂ ಕೈ ಎತ್ತಿದ್ದು ಪರದೇಲಿ ಕಂಡಿತು, ನಿಲ್ಲಿಸಿ ಅನ್ನೋ ಹಾಗೆ. ನಾನು ಗುಂಡಿ ಮೇಲೆ ಬೆರಳಿಟ್ಟೆ.

ಫಕೀರವ್ವ ಪೆಟ್ಟಿಗೆ ನೋಡಿದ್ಲು. ಜನರ ನಡುವೆ ನಿಂತಿದ್ದ ಅವ್ವನ್ನ ನೋಡಿದ್ಲು. ಕೊನೆಗೆ ಮರದ ಕಡೆ ಕತ್ತೆತ್ತಿದ್ಲು. ಬಾಯಿಪಾಠದ ದನಿ ಬಿಟ್ಟು, ಒಲೆ ಮುಂದೆ ಕೂತವರ ದನಿಯಲ್ಲಿ ಹೇಳಿದ್ಲು.

“ಈ ಗಿಡಾನ ಹಸನ ಮಾಡು. ಮ್ಯಾಲ ಬಂದಿರೂ ಎಳೀದೆಲ್ಲಾ ಜಳ್ಳು, ಗಾಳಿಗೆ ತೂರಿಬಿಡು. ಒಳಗಿಂದು ಕಾಳು. ಅದನ್ನ ಉಳಸು.”

ಮೇಡಂ ಎತ್ತಿದ ಕೈ ಹಾಗೇ ಇತ್ತು. ಆಮೇಲೆ ಮೆಲ್ಲಗೆ ಇಳಿಸಿ, ಬಿಡಿ, ನೋಡೋಣ ಅಂದ್ರು. ನಾನು ಬೆರಳು ತೆಗೆದೆ. ಬೇರುವಾಣಿ, ಆತು ಅಂತು. ಎಲೆ ಉದುರಿಸೋ ರಸದ ಡಬ್ಬಿ ತೆರೆದುಕೊಂಡಿದ್ದು ಪರದೇಲಿ ಕಾಣಿಸ್ತು. ಆ ರಸ ಎಳೇದಕ್ಕೂ ಕೊಡಬಹುದು, ಮುದಿಗೂ ಕೊಡಬಹುದು. ಅದಕ್ಕೆ ಯಾವ ತಿದ್ದುಪಡಿಯೂ ಬೇಕಾಗಿರಲಿಲ್ಲ. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಫಕೀರವ್ವನ ತಲೆಗೂ ಹೊಳೆದಿರಲಿಲ್ಲ ಅಂತ ಅವಳೇ ಆಮೇಲೆ ಹೇಳಿದ್ಲು. ಯಂತ್ರ ಮೊರ ಹಿಡ್ಕೊಂಡು ಕೇಳಿತ್ತು, ಮನೇಲಿ ಕೇಳಿದ್ರೆ ಹೇಳೋ ಹಾಗೆ ಹೇಳಿದ್ದಳು, ಅಷ್ಟೇ.

ಪಾಸೋ ಫೇಲೋ ಅಂತ ಮೇಡಂ ಅವತ್ತು ಹೇಳಲಿಲ್ಲ. ಹುಡುಗಿ ಸರಿಯಾದ ಮಾತು ಹೇಳಿದ್ಲು, ಯಂತ್ರ ತಪ್ಪು ತಿಳ್ಕೊಂತು. ಆಮೇಲೆ ಹುಡುಗಿ ತಪ್ಪು ಮಾತು ಹೇಳಿದ್ಲು, ಯಂತ್ರ ಸರಿಯಾಗಿ ತಿಳ್ಕೊಂತು. ಇದಕ್ಕೆ ಎಷ್ಟು ಅಂಕ ಕೊಡ್ತೀರಿ? ಬೂರಗವೇ ಹೇಳಲಿ, ಹೂ ಬಿಟ್ರೆ ಪಾಸು ಅಂದ್ರು.

ಎಲೆಗಳ ತೊಟ್ಟು ಒಳಗೊಳಗೇ ಸಡಿಲ ಆಗ್ತಾ ಬಂತು. ಆಮೇಲೆ ಒಂದು ದಿನ ಬೆಳಿಗ್ಗೆ ತೋಳನಗುಡ್ಡದ ಗಾಳಿ ಎದ್ದಿತು. ಆ ಮರ ತನ್ನನ್ನ ತಾನೇ ಕೇರ್ಕೊಂಡಿದ್ದನ್ನ ನಾನು ಕಣ್ಣಾರೆ ಕಂಡೆ. ಇಡೀ ಮರ ಒಮ್ಮೆ ಹಿಂದಕ್ಕೆ ವಾಲಿ, ಒಮ್ಮೆ ಮುಂದಕ್ಕೆ ಬಂದು, ಎಲೆಯೆಲ್ಲ ಒಂದೇ ಸಲ ಎದ್ದು ಹಾರಿ ಹೋದ್ವು. ಮುಳ್ಳುಗಳು ಪಟಪಟ ಅಂತ ಕಳಚಿದ್ವು. ಕೊಪ್ಪಳದ ಕಡೆ ಜನ ಮಿಡತೆ ಬಂತು ಅಂತ ತಟ್ಟೆ ಬಡಿದರಂತೆ. ಗಾಳಿ ನಿಂತಾಗ ಬೂರಗ ಬರೀ ಬೋಳು. ಸತ್ತಿದ್ಯೋ ಬದುಕಿದ್ಯೋ ಹೇಳೋ ಹಾಗಿರಲಿಲ್ಲ.

ಫಕೀರವ್ವ ದಿನಾ ಹೋಗಿ ಅದರ ಬುಡದಲ್ಲಿ ಕೂರ್ತಿದ್ಲು. ಪೆಟ್ಟಿಗೆ ಒಯ್ಯುತ್ತಿರಲಿಲ್ಲ. ಏನು ಮಾಡ್ತಿದ್ದೀಯ ಅಂದ್ರೆ, ಏನೂ ಇಲ್ರಿ ಅನ್ನೋಳು. ಒಂದು ಸಂಜೆ ಮೇಡಮ್ಮೂ ಹೋಗಿ ಪಕ್ಕದಲ್ಲಿ ಕೂತ್ರು. ನಮ್ಮ ಮನೆಯ ಮಾತೂ ಈ ಯಂತ್ರಕ್ಕೆ ಗೊತ್ತಿಲ್ಲ, ಚಿಕ್ಕವಳಿದ್ದಾಗ ಪರೀಕ್ಷೆಗೆ ಅಂತ ಬೇರೆ ಮಾತು ಕಲಿತೆ, ಆಮೇಲೆ ಹಿಂದಿನದಕ್ಕೆ ಹೋಗೋಕೇ ಆಗಲಿಲ್ಲ ಅಂದರಂತೆ. ಫಕೀರವ್ವ ಅದಕ್ಕೆ ಏನಂದ್ಲು ಅಂತ ಗೊತ್ತಿಲ್ಲ.

ಮೊದಲು ಕಂಡಿದ್ದು ಗೊರವಂಕಗಳಿಗೆ. ತಂತಿ ಮೇಲಿಂದ ಒಂದು ಎದ್ದು ಹೋಯ್ತು, ಅದರ ಹಿಂದೆ ಎಲ್ಲವೂ ಹೋದ್ವು. ನಾವು ಹೊರಗೆ ಓಡಿ ಬಂದು ನೋಡಿದ್ರೆ, ತುದಿ ಕೊಂಬೇಲಿ ಒಂದು ಕೆಂಪು ಹೂ. ವಾರ ಕಳೆಯೋದ್ರೊಳಗೆ ಇಡೀ ಬೂರಗ ಕೆಂಪು. ದಕ್ಷಿಣದ ಒಂದು ಕೊಂಬೆ ಮಾತ್ರ ಹೂ ಬಿಡಲಿಲ್ಲ, ಮುಳ್ಳೂ ಉದುರಿಸಲಿಲ್ಲ. ಅದು ಇವತ್ತಿಗೂ ಎಳೇದೇ. ಮುಸಿಯಗಳು ತಮ್ಮ ಮರಿಗಳಿಗೆ ಅದನ್ನ ದೂರದಿಂದ ತೋರಿಸ್ತವೆ.

ಮೇಡಂ ಬೆಂಗಳೂರಿಗೆ ಹೋಗಿ ಜಗಳ ಆಡಿ ಬೇರುವಾಣಿಯನ್ನ ತಿದ್ದಿಸಿದ್ರು. ಗಿಡ ಅಂದ್ರೆ ಏನು, ಮರ ಅಂದ್ರೆ ಏನು ಅಂತ ತೀರ್ಮಾನ ಮಾಡೋಕೆ ಹೋಗಲಿಲ್ಲ. ಹೊಸ ದನಿ ಕೇಳಿದ್ರೆ ಡಬ್ಬಿ ಮುಟ್ಟೋ ಮುಂಚೆ ಒಂದು ಪ್ರಶ್ನೆ ಕೇಳಬೇಕು ಅಂತ ಮಾತ್ರ ಕಲಿಸಿದ್ರು. ನಮ್ಮ ಜನ ಬಸ್ಸಲ್ಲಿ ಪಕ್ಕ ಕೂತವರನ್ನ ಮೊದಲು ಕೇಳ್ತಾರಲ್ಲ, ಅದೇ ಪ್ರಶ್ನೆ. ಎಲ್ಲರ ದನೀನೂ ಹೊಸದಾಗಿ ಸೇರಿಸಬೇಕಾಯ್ತು. ನಂದು ಬಂದಾಗ, ಯಾವೂರು ಅಂತು. ಮಂಡ್ಯ ಅಂದೆ. ಓ, ಹಂಗಾ, ಬುಡಿ ಮತ್ತೆ ಅಂತು. ನಾನು ರೂಮಲ್ಲಿ ಒಬ್ಬನೇ ಇದ್ದಾಗ ಫೋನಲ್ಲಿ ಮಾತಾಡಿದ್ದನ್ನೆಲ್ಲ ಅದು ಕೇಳಿಸ್ಕೊಂಡಿದೆ ಅಂತ ಅವತ್ತು ಗೊತ್ತಾಯ್ತು.

ಫಕೀರವ್ವನ ನೌಕರಿಯ ಮೊದಲ ದಿನ ಒಂದು ಶಾಲೆಯ ಮಕ್ಕಳು ಕಾಡು ನೋಡೋಕೆ ಬಂದಿದ್ರು. ಬೂರಗದ ಕೆಳಗೆ ಕೂರಿಸಿ, ಇದಕ್ಕ ನಿಮ್ಮ ಮನ್ಯಾಗ ಏನಂತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದ್ಲು. ಯಾವುದನ್ನೂ ತಪ್ಪು ಅನ್ನಲಿಲ್ಲ. ಆಮೇಲೆ ಪೆಟ್ಟಿಗೆ ಎತ್ತಿ ಬೇಸಿಗೆ ರಸಕ್ಕೆ ಹೇಳೋಕೆ ಹೊರಟ್ಲು. ತಿದ್ದುಪಡಿ ಆದ ಮೇಲೆ ಅವಳ ದನಿ ಕೇಳಿದ್ದು ಅದೇ ಮೊದಲು.

“ಯಾವೂರವ್ವಾ ನಿಂದು?” ಅಂತು ಬೇರುವಾಣಿ.

ಆ ಗುಡ್ಡದಲ್ಲಿ ಅವಳನ್ನ ಆ ಪ್ರಶ್ನೆ ಅಲ್ಲಿ ತನಕ ಯಾರೂ ಕೇಳಿರಲಿಲ್ಲ. ಫಕೀರವ್ವ ಬೂರಗಕ್ಕೆ ಕೈ ಊರಿ ನಿಂತ್ಲು.

“ಇದಾ ಊರು.”

“ಹೌದಾ?” ಅಂತು ಬೇರುವಾಣಿ. “ಹಂಗಾರ ಹೇಳು.”